ನಾಲಿಗೆಯ ಅಚ್ಚು

ಮೋತ ಮಾವಲಿ ಗುಡ್ಡದ ಮೆಟ್ಟಿಲ ಬುಡದಲ್ಲಿ ಮೂರನೆಯ ಅಂಗಡಿ.
ಅಂಗಡಿ ಸಾಂತಾನ್ ಕೊಲಾಸೊನದು, ಒಲೆ ನನ್ನದು.
ಮೇಣದ ಕೈ ಅರವತ್ತು, ಕಾಲು ಅರವತ್ತು,
ಮೇಣದ ಕೂಸು ತೊಂಬತ್ತು.
ಮೇಣದ ಮನೆಗೆ ಮಾತ್ರ ಕೇಳಿ ದರ ಹೇಳುತ್ತೇವೆ:
ಒಂದೇ ಖೋಲಿಯೋ, ಅಡುಗೆಮನೆ ಬೇರೆಯೋ,
ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರವೋ.

ಬಿಳಿಯದು ಕೊಳ್ಳಬೇಡಿ.
ಅದು ಎಣ್ಣೆ ಕಂಪನಿಯ ಮೇಣ, ಉರಿಯುತ್ತದೆ ಅಷ್ಟೆ,
ಏನನ್ನೂ ನೆನಪಿಡುವುದಿಲ್ಲ.
ಜೇನುಮೇಣ ಬರುವುದು ಪರೇಲಿನಿಂದ.
ಗಿರಣಿ ಕೆಡವಿ ಕಟ್ಟಿದ ಗೋಪುರದ
ನಲವತ್ತೊಂದನೆಯ ಮಾಳಿಗೆಯ ಅಡಿಗೆ
ಹೆಜ್ಜೇನು ಜೋತಿದೆ, ಎಮ್ಮೆಯ ಹೊಟ್ಟೆಯಷ್ಟು.
ಭೋಂಗಾ ನಿಂತ ದಿನ ಅದರ ಕೂಗು
ಎಲ್ಲಿಗೆ ಹೋಯಿತೆಂದು ಓಣಿ ಓಣಿ ಹುಡುಕಿದರಂತೆ;
ಹುಳುಗಳು ಒಯ್ದಿದ್ದವು.
ಈಗಲೂ ಬೆಳಗಿನ ಏಳಕ್ಕೆ
ಎರಿಯ ಒಳಗಿಂದ ಮೊದಲ ಪಾಳಿಯನ್ನು ಕರೆಯುತ್ತವೆ.
ಹಗ್ಗದಲ್ಲಿ ತೂಗಿ ಗಾಜು ಒರೆಸುವ ಸಿಂದಗಿಯ ಮೌಲಾಲಿ
ಹುಣ್ಣಿಮೆ ಕಳೆದ ರಾತ್ರಿ ಕೊಯ್ದು ತರುತ್ತಾನೆ.
ತುಪ್ಪ ಅವನಿಗೆ, ಮೇಣ ನನಗೆ,
ಕಡಿತಕ್ಕೆ ಸುಣ್ಣ, ಮೇಲೊಂದು ಚಹಾ.

ದಾದರ್ ಸೇತುವೆಯ ಮೇಲೆ ಚಪ್ಪಲಿ ಹೊಲಿಯುವ ಭಿವಾ
ದಾರಕ್ಕೆಂದು ಪಾವು ಕಿಲೊ ಒಯ್ಯುತ್ತಾನೆ.
ಎಂಟೂ ಹದಿನೇಳರ ಫಾಸ್ಟಿನಲ್ಲಿ ನೆರಳು ಹರಿದುಕೊಂಡವರು
ಅದನ್ನು ಬಗಲಲ್ಲಿ ಮಡಚಿಕೊಂಡು
ಅವನ ಮುಂದೆ ಸಾಲು ನಿಲ್ಲುತ್ತಾರೆ.
ಮೇಣ ತಿಕ್ಕಿದ ದಾರವಾದರೆ ಹಿಮ್ಮಡಿಗೆ ಮೂರೇ ಹೊಲಿಗೆ,
ಮಳೆಗಾಲ ದಾಟುತ್ತದೆ.
ಅವಸರದಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೊಲಿದದ್ದೂ ಉಂಟು.
ಇದುವರೆಗೆ ಯಾರೂ ಮರಳಿ ಬಂದು ಜಗಳ ತೆಗೆದಿಲ್ಲ.

ವರ್ಸೋವಾದ ಮೀನುಗಾರ್ತಿಯರಿಗೆ
ಗಾಳಿ ತುಂಬಿದ ಶೀಸೆಗಳ ಬಾಯಿ ಮೆತ್ತಲು ಬೇಕು.
ಪಡುವಣ ಗಾಳಿಗೆ ದಪ್ಪ ಮೇಣ,
ಮೂಡಣದ್ದು ಸಾಧು, ತೆಳುವಾದರೂ ನಡೆಯುತ್ತದೆ.

ನನ್ನನ್ನು ಹೆತ್ತವಳು
ಹಣೆಗೆ ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು.
ಕುಂಕುಮ ನಿಲ್ಲಲಿ ಎಂದಲ್ಲ, ಕನಸು ಸೋರಬಾರದೆಂದು.
ಆ ಹಿತ್ತಾಳೆ ಡಬ್ಬಿ ನನ್ನ ಬಳಿ ಇದೆ.
ತಳದ ಮೇಣದಲ್ಲಿ ಅವಳ ಉಂಗುರಬೆರಳಿನ ಗುಳಿ.

ಮೊನ್ನೆ ಜನಾ ತಾಂಡೇಲ ಬಂದಳು.
ಸೊಂಟಕ್ಕೆ ಆತುಕೊಂಡು ಆರು ವರ್ಷದ ಹುಡುಗ,
ಈವರೆಗೆ ಒಂದು ಮಾತೂ ಆಡದವನು.
ನಾಲಿಗೆ ಇದೆಯಾ, ಎಂದಳು.
ಕಣ್ಣಿನ ಅಚ್ಚಿದೆ, ಗುಂಡಿಗೆಯದಿದೆ,
ಮೂತ್ರಪಿಂಡದ್ದು ಕೂಡ ಹೋದ ವರ್ಷ ಬಂತು.
ನಾಲಿಗೆಯದಿಲ್ಲ.
ಸಾಂತಾನನ ಅಜ್ಜ ಕೆತ್ತಲೇ ಇಲ್ಲವೋ,
ಕೆತ್ತಿದ್ದನ್ನು ಅಜ್ಜಿ ಒಡೆದಳೋ.

ಸಾಂತಾನ್ ಊಟಕ್ಕೆ ಹೋಗಿದ್ದ.
ಹಸಿ ಜೇಡಿಯ ಮುದ್ದೆಗೆ ಬಗ್ಗಿ ನನ್ನದೇ ನಾಲಿಗೆ ಒತ್ತಿದೆ.
ಬಾಯಿತುಂಬ ಮಣ್ಣು,
ಬಸುರಿನಲ್ಲಿ ಕದ್ದು ತಿಂದದ್ದರ ರುಚಿ.
ಒಲೆಯ ಮಗ್ಗುಲಲ್ಲಿ ಒಣಗಿಸಿ ಗುಳಿಗೆ ಮೇಣ ಹೊಯ್ದೆ.
ಮರದ ಅಚ್ಚಾದರೆ ಮರದ ಲೆಕ್ಕ,
ಮೈಯ ಅಚ್ಚಾದರೆ ಮೈಯ ಲೆಕ್ಕ,
ಕೆಲಸಕ್ಕೆ ಸೇರಿದ ದಿನವೇ ಸಾಂತಾನ್ ಹೇಳಿದ್ದ.
ಆಗ ನಗು ಬಂದಿತ್ತು.

ಒಂಬತ್ತನೆಯ ದಿನ ಜನಾ ಓಡುತ್ತ ಬಂದಳು,
ಕಾಗದದಲ್ಲಿ ಸುತ್ತಿದ ಎರಡು ಪಾಪ್ಲೆಟ್ಟು.
ಮಾತಾಡಿದ! ಆದರೆ ಅದು ಎಲ್ಲಿಯ ಮಾತೋ,
ಮನೆಯಲ್ಲಿ ಯಾರಿಗೂ ತಿಳಿಯುತ್ತಿಲ್ಲ.
ಹುಡುಗನನ್ನು ಮುಂದೆ ತಳ್ಳಿದಳು.
ಅವನು ನನ್ನನ್ನು ನೋಡಲಿಲ್ಲ. ಅವಳ ಸೆರಗು ಜಗ್ಗಿ ಅಂದ,
“……, ಹಸಿವಾಗೈತಿ.”
ತುಂಗಭದ್ರೆಯ ಎಡದಂಡೆಯ ಮಾತು,
ನಮ್ಮ ಓಣಿಯ ರಾಗ ಸಮೇತ.

ಏನಂದ? ಏನಂದ?
ಹಸಿವಂತೆ, ಎಂದೆ ಮರಾಠಿಯಲ್ಲಿ. ನಿನ್ನನ್ನು ಕರೆದ.
ಏನೆಂದು ಕರೆದ?

ಹೇಳಿಕೊಡೋಣವೆಂದು ಬಾಯಿ ತೆರೆದೆ.
ಎರಡೇ ಅಕ್ಷರ. ತುಟಿ ಕೂಡಿ ಬಿಟ್ಟಿತು, ಉಸಿರು ಬಂತು,
ಅದೊಂದು ಬರಲಿಲ್ಲ.
ಮಿಕ್ಕೆಲ್ಲ ಇತ್ತು. ಅಕ್ಕಿ, ಅಗುಳಿ, ಅಮಾಸಿ,
ಎಲ್ಲ ಒಂದೊಂದಾಗಿ ಅಂದು ನೋಡಿದೆ.
ಹುಡುಗನೇ ಅವಳಿಗೆ ಕಲಿಸಿದ, ನಾಲ್ಕು ಸಲ.
ಅವಳು ನಾಲ್ಕು ಸಲವೂ ಓಗೊಟ್ಟಳು.

ಪಾಪ್ಲೆಟ್ಟು ಹುಳಿ ಹಾಕಿ ಮಾಡಿದೆ. ಚೆನ್ನಾಗಿತ್ತು.
ರಾತ್ರಿ ಡಬ್ಬಿ ತೆರೆದು
ಅವಳ ಬೆರಳ ಗುಳಿಯಲ್ಲಿ ನನ್ನ ಬೆರಳಿಟ್ಟು ಕೂತೆ.
ಅಚ್ಚನ್ನು ಸುಟ್ಟು ಗಟ್ಟಿ ಮಾಡಿ
ಗುಂಡಿಗೆಯ ಪಕ್ಕದಲ್ಲಿಟ್ಟಿದ್ದೇನೆ.
ಸಾಂತಾನ್ ಚೀಟಿ ಹಿಡಿದು ನಿಂತಿದ್ದಾನೆ,
ಎಷ್ಟು ಬರೆಯಲಿ, ಎಂದು.