ಬೀಸೋ ಅಂಗಡಿ

ಬೋರ್ಡು ಬರೆದ ಓಬಳೇಶಿ
ಬಿಸ್ಟ್ರೋ ಎಂದೇ ಬರೆದಿದ್ದ, ಏಣಿ ಹಿಡಿದಿದ್ದವಳು ನಾನು.
ಎರಡು ಮಳೆಗೆ ಒತ್ತಕ್ಷರಗಳು ತೊಳೆದುಹೋಗಿ
ಉಳಿದದ್ದು ಬಿಸೋ.
ಚೇಳೂರು ರಸ್ತೆಯ ಬಾಯಲ್ಲಿ ಅದು ಬೀಸೋ.
ತಪ್ಪೇನಲ್ಲ ಬಿಡಿ, ಮೊದಲು ಅದು
ಗಂಗುಲಪ್ಪನ ಅಪ್ಪ ನಡೆಸುತ್ತಿದ್ದ ಹಿಟ್ಟಿನ ಮಿಲ್ಲು.

ಇಪ್ಪತ್ತೆರಡು ವರ್ಷ ಪಾಂಡಿಚೇರಿಯಲ್ಲಿ
ಯಾವಳೋ ಫ್ರೆಂಚ್ ಮುದುಕಿಯ ಒಲೆಯ ಮುಂದೆ ನಿಂತು ಬಂದವನು
ತಂದದ್ದು ಒಂದು ಟ್ರಂಕು, ಒಂದು ಕಬ್ಬಿಣದ ಬಾಣಲೆ,
ಈರುಳ್ಳಿಯನ್ನು ಅವಸರ ಮಾಡಬಾರದು ಎನ್ನುವ ವಿದ್ಯೆ.
ಮುಕ್ಕಾಲು ಗಂಟೆ ಸಣ್ಣ ಉರಿ.
ಮೊದಲು ಬೆವರುತ್ತೆ, ಆಮೇಲೆ ಅಳುತ್ತೆ,
ಆಮೇಲೆ ಬೆಲ್ಲದ ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತೆ.
ಅಷ್ಟರಲ್ಲಿ ನಾನು ಎರಡು ರವಿಕೆಗೆ ತೋಳು ಕೂಡಿಸಿರುತ್ತೇನೆ.

ಇರುವುದು ನಾಲ್ಕು ಮೇಜು.
ಒಂದರ ಕುಂಟುಗಾಲಿಗೆ ಮಿಲ್ಲಿನ ಹಳೇ ತೂಕದ ಕಲ್ಲು.
ಮೇಲೆ ಹಾಸಿದ ಕೆಂಪು ಚೌಕಳಿ, ಟವೆಲ್ ಬಟ್ಟೆಯದು, ನಾನೇ ಹೊಲಿದದ್ದು.
ಕೂಲಿ ಕೇಳಲಿಲ್ಲ. ಅವನೂ ಬಿಲ್ಲು ಕೊಡಲಿಲ್ಲ.
ಯಾರು ಯಾರಿಗೆ ಎಷ್ಟು ಬಾಕಿ ಅನ್ನುವುದು
ನಾಲ್ಕು ವರ್ಷದಿಂದ ಇಬ್ಬರಿಗೂ ಮರೆತಿದೆ.

ಇಸ್ಕೂಲು ಸ್ಲೇಟಿನ ಮೇಲೆ ಅವತ್ತವತ್ತಿನ ಅಡುಗೆ.
ಮಂಡಿಯಲ್ಲಿ ಟೊಮ್ಯಾಟೊ ರೇಟು ಬಿದ್ದ ತಿಂಗಳು
ಮೂರು ವಾರ ಒಂದೇ ಸಾಲು: ರಟಟೂಯಿ.
ಟ್ಯೂಷನ್ನಿನ ಮಕ್ಕಳು ಅದನ್ನೇ ಕೂಗಿಕೊಂಡು
ಗಲ್ಲಿ ತುಂಬ ಟೈರು ಉರುಳಿಸಿದರು.
ಬಸ್ ಕಂಡಕ್ಟರ್ ಚೌಡರೆಡ್ಡಿ ನೆಕ್ಕಿ ನೋಡಿ
'ಬದನೇಕಾಯಿ ಗೊಜ್ಜಲ್ಲವೇನಯ್ಯ' ಎಂದ.
'ಹೌದು' ಎಂದ ಗಂಗುಲಪ್ಪ. 'ಹುಣಸೇಹಣ್ಣು ಮರೆತವರ ಗೊಜ್ಜು.'
ವೈನಿಲ್ಲ. ಸಣ್ಣ ಗ್ಲಾಸಿನಲ್ಲಿ ಮಜ್ಜಿಗೆ.

ಒಂದು ಮಂಗಳವಾರ ಊಲವಾಡಿಯ ಚಿಕ್ಕಪಾಪಮ್ಮ
ತಲೆ ಮೇಲೆ ಆರು ಸೇರು ರಾಗಿ ಹೊತ್ತು ಬಂದಳು.
ಗಂಟು ಇಳಿಸಿ, ಸೆರಗಲ್ಲಿ ಮುಖ ಒರೆಸಿ,
'ನುಣ್ಣಗೆ ಬೀಸು ನಾಯನಾ, ನಿಮ್ಮಪ್ಪನ ಹಂಗೆ.'

ನಾನು ಮಿಷನ್ನಿನ ಪೆಡಲು ನಿಲ್ಲಿಸಿದೆ.

ಮಿಲ್ಲು ಎಲ್ಲಿದೆ ಅಂತ ಅವನು ಹೇಳಲಿಲ್ಲ.
ಕುರ್ಚಿ ಎಳೆದ. ಮುಂದೆ ಸೂಪಿನ ಬಟ್ಟಲಿಟ್ಟ.
ಗಂಟನ್ನು ಮೊಪೆಡ್ಡಿನ ಕಾಲ ಸಂದಿಗೆ ಸಿಕ್ಕಿಸಿಕೊಂಡು
ಕನ್ನಂಪಲ್ಲಿ ಕಡೆ ಹೋದ.
ಅವಳು ಒಳಗೆ ಮುಳುಗಿದ ಬ್ರೆಡ್ಡನ್ನು ಚಮಚದಲ್ಲಿ ಎತ್ತಿ ನೋಡಿ
ನನ್ನ ಕಡೆ ತಿರುಗಿ ಕೇಳಿದಳು:
'ಈರುಳ್ಳಿ ಸಾರು ಸರಿ. ರೊಟ್ಟಿ ಯಾಕಮ್ಮ ಬಿದ್ದೋಯ್ತು?'

ತಳ ಕಾಣುವ ಮೊದಲೇ ಹಿಟ್ಟು ಬಂತು, ಬಿಸಿಬಿಸಿ.
ಅಂಗೈ ಮೇಲೆ ಉಜ್ಜಿ ನೋಡಿದಳು, ಒಪ್ಪಿದಳು.
ಬೀಸಿದ್ದಕ್ಕೆ ಮೂವತ್ತು ರೂಪಾಯಿ ಎಣಿಸಿಟ್ಟಳು.
ಸಾರಿಗೆ ಯಾರಾದರೂ ಕಾಸು ತಗೊಳ್ತಾರಾ?
ಈಗ ಮಂಗಳವಾರ ಕಿಟಕಿ ಪಕ್ಕದ ಮೇಜು ಅವಳದು.

ಮೊನ್ನೆ ಕಾರು ನಿಲ್ಲಿಸಿ, ಗಾಜು ಇಳಿಸಿ ಒಬ್ಬರು ಕೇಳಿದರು,
'ಇಲ್ಲಿ ಊಟ ಚೆನ್ನಾಗಿರುತ್ತಾ?'
ಏನು ಹೇಳಲಿ. 'ಗೊತ್ತಿಲ್ಲ ಸಾರ್,' ಎಂದೆ,
'ನಾನು ದಿನಾ ತಿನ್ನುವವಳು.'

ರಾತ್ರಿ ಕಲ್ಲಿನ ಲಾರಿ ಹೋದರೆ ಗೋಡೆ ಅದುರಿ
ಜಂತಿಯ ಸಂದಿಯಿಂದ ಇವತ್ತಿಗೂ ಒಂದು ಚಿಟಿಕೆ ಹಿಟ್ಟು
ಕೆಂಪು ಚೌಕಳಿಯ ಮೇಲೆ ಉದುರುತ್ತದೆ.
'ಅಪ್ಪ' ಎನ್ನುತ್ತಾನೆ, ಮೇಲೆ ನೋಡದೆ,
ಅಡ್ಡ ಬರುವ ಗಿರಾಕಿಯನ್ನು ಮಾತಾಡಿಸಿದ ಹಾಗೆ.
ಒರೆಸುವುದಿಲ್ಲ.
ಬೆಳಿಗ್ಗೆ ನಾನೇ ಒಗೆಯಬೇಕು.