ಮುಂದೂಡಲಾಗಿದೆ

ನಡಾವಳಿ ಪುಸ್ತಕ ನನ್ನ ಹತ್ತಿರವೇ ಉಳಿಯಿತು,
ಕೇಳಲು ಯಾರೂ ಬರಲಿಲ್ಲ.
ರಟ್ಟಿಗೆ ಗೆದ್ದಲು ಹತ್ತಿದೆ. ಒಳಗಿನ ನೀಲಿ ಶಾಯಿ ಮಾತ್ರ
ಇನ್ನೂ ರುದ್ರಮುನಿ ಮೇಷ್ಟ್ರ ಗದರುವ ದನಿಯಲ್ಲೇ ಇದೆ:
"ಸಾವಿರದ ಒಂಬೈನೂರ ಅರವತ್ತೆಂಟು, ಶನಿವಾರ.
ಹಾಜರಿದ್ದ ಶಾಲೆ ಆರು, ಇದ್ದ ಕುರ್ಚಿ ನಾಲ್ಕು."

ಅಣಜಿ, ಆನಗೋಡು, ಕೊಡಗನೂರು, ಮಾಯಕೊಂಡ,
ಭರಮಸಾಗರ, ಚಿಕ್ಕಜಾಜೂರು.
ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ.
ಶಾಲೆಗೆ ಐದು ರೂಪಾಯಿ ವಂತಿಗೆ,
ಸುಣ್ಣ ಕರೆದವರದು, ಸೀಟಿ ಮೇಷ್ಟ್ರದು,
ಮಂಡಕ್ಕಿ ಮೊದಲು ಸೋತವರಿಗೆ.
ಈ ಕೊನೆಯ ನಿಯಮಕ್ಕೆ
ಒಬ್ಬರೂ ತಿದ್ದುಪಡಿ ತರಲಿಲ್ಲ.

ಷೀಲ್ಡು ಮಾಡಿಸಿಕೊಟ್ಟದ್ದು ದಾವಣಗೆರೆಯ ಹತ್ತಿ ಮಿಲ್ಲು.
ತೇಗದ ಹಲಗೆ, ನಡುವೆ ಹಿತ್ತಾಳೆಯ ಓಟಗಾರ
(ನಮ್ಮ ಯಾರ ಕಾಲಿಗೂ ಇಲ್ಲದ ಬೂಟು ಅವನಿಗಿತ್ತು),
ಸುತ್ತ ಮೂವತ್ತಾರು ಪುಟ್ಟ ತಗಡು, ವರ್ಷಕ್ಕೊಂದು.
"ಸಾಕಾ ಇಷ್ಟು?" ಎಂದರಂತೆ ಮ್ಯಾನೇಜರು.
"ತುಂಬಿದ ಮೇಲೆ ಹಲಗೆ ದೊಡ್ಡದು ಮಾಡ್ಸಣ ಬಿಡ್ರಿ"
ಅಂದರಂತೆ ಮೇಷ್ಟ್ರು.

ಪುಟ ನಲವತ್ತೊಂದು. ವಿಷಯ: ಹೆಣ್ಣುಮಕ್ಕಳ ಖೋಖೋ.
ಪರ ಮೂರು, ವಿರೋಧ ಮೂರು.
ಲಂಗ ಕಾಲಿಗೆ ತೊಡರುತ್ತದೆ ಎಂದಿತು ಕೊಡಗನೂರು.
ತೊಡರಿದರೆ ಔಟು, ಮುಗೀತಲ್ಲ ಎಂದಿತು ಭರಮಸಾಗರ.
ಚಹಾ ಬಂತು. ಆಮೇಲೆ ಅರ್ಧ ಪುಟ ಖಾಲಿ.
ಅದರ ಬುಡದಲ್ಲಿ, ಒತ್ತಿ ಬರೆದದ್ದು: "ಅಂಗೀಕರಿಸಲಾಯಿತು."

ಆ ಖಾಲಿ ಅರ್ಧ ಪುಟದಿಂದ ಎದ್ದು ಬಂದವಳು
ಅಣಜಿಯ ಹಾಲಮ್ಮ.
ಎರೆಮಣ್ಣು ಬಿರಿದ ಬಯಲು, ಬರಿಗಾಲು,
ಅವಳು ಹಿಡಿದು ತಿರುಗಿದರೆ
ಜಾಲಿಯ ಕಂಬ ಬುಡದಿಂದ ಕಿರುಗುಟ್ಟುತ್ತಿತ್ತು.
ಒಮ್ಮೆ ಏಳೂ ನಿಮಿಷ ಸಿಗದೆ ಓಡಿದಳು.
ಬೆನ್ನಟ್ಟಿ ಬೆನ್ನಟ್ಟಿ, ಗ್ಯಾಂಗ್‌ಮನ್ ಮಗಳು,
ಚಿಕ್ಕಜಾಜೂರಿನ ಶಮೀಮ್,
ನಟ್ಟನಡುವೆ ನಿಂತು ಸೊಂಟಕ್ಕೆ ಕೈಯಿಟ್ಟು ನಕ್ಕುಬಿಟ್ಟಳು.
ಇವಳೂ ನಕ್ಕಳು, ಓಡುತ್ತಲೇ.
ಅಂಕಪಟ್ಟಿಯಲ್ಲಿ ನಗೆಗೆ ಕಾಲಂ ಇರಲಿಲ್ಲ.
ಅಂಚಿನಲ್ಲೊಂದು ಚುಕ್ಕಿ ಇಟ್ಟೆ.

ಮಿಲ್ಲು ಬಾಗಿಲು ಹಾಕಿದ ವರ್ಷ
ಹೆಸರು ಕೊರೆಯುವವನ ಕೂಲಿಗೆ ದುಡ್ಡಿಲ್ಲ.
ಮೇಷ್ಟ್ರೇ ಮೊಳೆ ಹಿಡಿದು ಕೂತರು.
ಮೊಳೆಗೆ ಸೊನ್ನೆ ಬಗ್ಗಲಿಲ್ಲ;
ಗೆದ್ದ ಊರು ತಗಡಿನ ಮೇಲೆ ಇವತ್ತಿಗೂ "ಮಾಯಕೊಡ".

ತೊಂಬತ್ತೇಳರ ಆಗಸ್ಟಿನಲ್ಲಿ ಜಿಲ್ಲೆ ಎರಡಾಯಿತು.
ನಾವೂ ಪಟಾಕಿ ಹೊಡೆದೆವು, ಸುಳ್ಳೇಕೆ?
ಆಮೇಲೆ ಎಣಿಸಿದರೆ
ನಾಲ್ಕು ಶಾಲೆ ಆ ಕಡೆ, ಎರಡು ಈ ಕಡೆ.
ಇಪ್ಪತ್ತೊಂಬತ್ತು ವರ್ಷ ಡಬ್ಬಿಯಲ್ಲಿ ಸುಣ್ಣ ತುಂಬಿಕೊಂಡು
ಬಗ್ಗಿ ಬಗ್ಗಿ ಗೆರೆ ಎಳೆದವನು ನಾನು,
ದಾಟಿದವರನ್ನು ಕೂಗಿ ಹೇಳಿದವನು.
ಈ ಗೆರೆ ಭರಮಸಾಗರ ದಾಟಿ ಎಲ್ಲಿ ಹಾಯುತ್ತದೋ
ಬಸ್ಸಿನ ಕಿಟಕಿಯಿಂದ ಎಷ್ಟು ನೋಡಿದರೂ ಕಾಣಲಿಲ್ಲ,
ಅದೇ ಮೆಕ್ಕೆಜೋಳ, ಅದೇ ಕರಿನೆಲ.
ಕೂಟಕ್ಕೆ ಎರಡು ಕಚೇರಿಯ ಮೊಹರು ಬೇಕೆಂದರು.
ಒಂದು ಬಂತು.
ಇನ್ನೊಂದರ ಕಡತ "ಮೇಲೆ ಹೋಗಿದೆ".

ಕೂಟ ಮುಚ್ಚಿತೆಂಬ ಠರಾವು ಎಲ್ಲೂ ಇಲ್ಲ. ಹುಡುಕಿದೆ.
ಕೊನೆಯ ಸಾಲು ನನ್ನದೇ ಅಕ್ಷರ:
"ಆನಗೋಡು, ಭರಮಸಾಗರ. ಫೈನಲ್ ಮುಂದೂಡಲಾಗಿದೆ."
ಅಂಚೆ ಕಚೇರಿಯಲ್ಲಿ ಇನ್ನೂರ ಹನ್ನೊಂದು ರೂಪಾಯಿ.
ತೆಗೆಯಲು ಎರಡು ಸಹಿ ಬೇಕು,
ಮೇಷ್ಟ್ರದು ಇನ್ನು ಸಿಗುವಂತಿಲ್ಲ.
ಏಳು ತಗಡು ಖಾಲಿ.

ಖೋಖೋದಲ್ಲಿ ಕೂತವರು ಹಾಗೇ ಅಲ್ಲವೆ,
ಒಬ್ಬರ ಮುಖ ಆ ಕಡೆ, ಒಬ್ಬರದು ಈ ಕಡೆ,
ಬೆನ್ನಿಗೆ ಕೈ ಬಿದ್ದು ಕೂಗುವ ತನಕ
ಏಳುವಂತಿಲ್ಲ.

ಮೊನ್ನೆ ಹಾಲಮ್ಮ ಮನೆಗೆ ಬಂದಿದ್ದಳು,
ಮೊಮ್ಮಗಳ ವರ್ಗಾವಣೆ ಪತ್ರಕ್ಕೆ ಯಾರನ್ನು ಕಾಣಬೇಕೆಂದು.
ಕನ್ನಡಕ ಏರಿಸಿ ಪುಟ ತಿರುವಿದಳು,
ತನ್ನ ಹೆಸರಿನ ಹತ್ತಿರ ನಿಂತು, ಅಂಚಿಗೆ ಬೆರಳಿಟ್ಟು,
"ಇದೇನ್ ಸಾರ್, ಶಾಯಿ ಚೆಲ್ಲಿತ್ತಾ?"

ಹೂಂ ಕಣಮ್ಮ, ಅಂದೆ.