ಉಪ್ಪಿನವನು ಮುಳುಗಿದ ಸಂಚಿಕೆ

ಬುಧವಾರ, ಹೊಸ ಸಂಚಿಕೆಗಳ ಕಟ್ಟು ಬಿಚ್ಚುವ ಹೊತ್ತಿಗೆ
ಬಂದೇ ಬರುತ್ತಾರೆ ಈ ಮೂವರು.
ಕ್ಲೀವ್‌ಲ್ಯಾಂಡಿನ ಸೇತುವೆ ಕೆಳಗೆ ನನ್ನ ಕಾಮಿಕ್ಸ್ ಅಂಗಡಿ:
ಹೀಟರು ಒಂದೇ, ಕುರ್ಚಿ ಎರಡೇ,
ಜಗಳಕ್ಕೆ ಮಾತ್ರ ಬರವಿಲ್ಲ.

ಆರ್ವಿಲ್ ಟಿಬ್ಸ್, ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು,
ಈಗಲೂ ಕೂತರೆ ಬಲಗಾಲು ಬ್ರೇಕು ಹುಡುಕುತ್ತದೆ.
ಅವನ ದೇವರು ಸೀಸದ ಪಾರಿವಾಳ.
ಎದೆ ತುಂಬ ಸೀಸ, ಬೆನ್ನಿಗೆ ಬೂದು ರೆಕ್ಕೆ;
ಅಷ್ಟು ಭಾರ ಹೊತ್ತು ಹಾರೋದು ಹೇಗಯ್ಯಾ ಅಂದರೆ
'ಮನಸ್ಸು ಹಗುರಾದವನಿಗೆ ಮೈ ಯಾವ ಲೆಕ್ಕ' ಅನ್ನುತ್ತಾನೆ.

ಲೆಕ್ಕ ಅಂದದ್ದೇ ತಡ, ಥಿಯೋ ಎದ್ದ. ಹನ್ನೊಂದರ ಪೋರ.
'ಅವನು ಮುರಿದ ಸೇತುವೆಗೆ ದುಡ್ಡು ಕೊಟ್ಟವರು ಯಾರು?
ನಲವತ್ತನೇ ಸಂಚಿಕೆಯಲ್ಲಿ ಮೂರು,
ಐವತ್ತೆರಡರಲ್ಲಿ ಒಂದು, ಅದೂ ರೈಲಿನ ಸಮೇತ.'
ಬೆರಳು ಮಡಿಚಿ ಒಪ್ಪಿಸುತ್ತಾನೆ ಶಾನುಭೋಗನ ಹಾಗೆ.

ಲುಬೊಮಿರಾ ಕೋಟು ಬಿಚ್ಚುವುದಿಲ್ಲ, ಕೂರುವುದಿಲ್ಲ.
ರಾತ್ರಿ ಪಾಳಿಯ ನರ್ಸು; ನಿಂತೇ ಓದಿ, ಕೊಂಡು, ಹೊರಡುವವಳು.
ಅವಳಿಗೆ ಬೇಕಾದವನು ಖಳ.
ಸರೋವರದ ಅಡಿಯ ಗಣಿ ಕುಸಿದು
ಮೂರು ವಾರ ಯಾರೂ ಹುಡುಕದೆ
ಉಪ್ಪೇ ಆಗಿ ಎದ್ದು ಬಂದ ಉಪ್ಪಿನವನು.
ಮುಟ್ಟಿದ್ದೆಲ್ಲ ತುಕ್ಕು: ಬ್ಯಾಂಕಿನ ಬೀಗ, ಪೊಲೀಸ್ ಜೀಪು,
ಮೇಯರ್ ಮನೆ ಗೇಟು.
ನೂರಾ ಹನ್ನೆರಡರಲ್ಲಿ ಪಾರಿವಾಳ ಅವನನ್ನು
ಕೊರಳು ಹಿಡಿದು ನೀರಿಗೆಳೆದ.
ಕೊನೆಯ ಪುಟ ಪೂರಾ ಬರೀ ಗುಳ್ಳೆ.

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಅಂದ ಆರ್ವಿಲ್.
'ಅವನು ತಿಂದದ್ದಲ್ಲ, ತಿನ್ನಿಸಿದ್ದು' ಅಂದಳು ಲುಬೊಮಿರಾ.
ಈ ಎರಡು ಮಾತು ನಾನು ಆರು ಚಳಿಗಾಲ ಕೇಳಿದ್ದೇನೆ.

ಇವತ್ತು ಯಾರದೋ ಗ್ಯಾರೇಜಿನಿಂದ ಒಂದು ಡಬ್ಬ ಬಂತು,
ಇಲಿ ಕಡಿದ ಹಳೇ ಸಂಚಿಕೆಗಳು.
ನೂರಾ ಒಂಬತ್ತರ ಹಿಂಬದಿ, ಓದುಗರ ಪತ್ರ.
ಥಿಯೋ ಗಟ್ಟಿಯಾಗಿ ಓದಿದ:
'ಸಂಪಾದಕರೇ, ಉಪ್ಪಿನವನನ್ನು ಇನ್ನೆಷ್ಟು ದಿನ ಸಾಕುತ್ತೀರಿ?
ಒಮ್ಮೆಗೇ ಮುಗಿಸಿ. ಇಂತಿ, ಓ. ಟಿಬ್ಸ್.'

ಹೀಟರು ಟಕ್ ಟಕ್ ಎಂದಿತು.
'ಹದಿಮೂರು ವರ್ಷ ನನಗಾಗ' ಅಂದ ಆರ್ವಿಲ್
ತನ್ನ ಅಂಗೈಗೆ.

ಲುಬೊಮಿರಾ ಮೊದಲ ಸಲ ಕುರ್ಚಿ ಎಳೆದುಕೊಂಡಳು.
'ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.
ಗಣಿಯಿಂದ ಬಂದು, ಒಡೆದ ಬೆರಳಿಗೆ ಹಂದಿಕೊಬ್ಬು ಸವರಿಕೊಂಡು
ಚಿತ್ರ ನೋಡೋನು, ನಾನು ಸ್ಲೊವಾಕ್‌ನಲ್ಲಿ ಹೇಳುತ್ತಿದ್ದೆ.
ಗುಳ್ಳೆ ಪುಟ ಬಂದಾಗ ಸುಳ್ಳು ಹೇಳಿದೆ:
ಮುಳುಗಿಲ್ಲ ಅಪ್ಪ, ಊರಿಗೆ ಹೋದ.
ಇವು ಅವನ ಮಾತಿನ ಗುಳ್ಳೆ,
ಅಕ್ಷರ ಬರೆಯುವವನಿಗೆ ಆ ಭಾಷೆ ಗೊತ್ತಿಲ್ಲ, ಅಷ್ಟೇ.'

'ನಂಬಿದರಾ?' ಅಂದ ಥಿಯೋ.

'ನಕ್ಕ. ಹಿಮ ಬಿದ್ದ ದಿನ ಕಿಟಕಿಗೆ ಕರೆದ.
ಉಪ್ಪಿನ ಲಾರಿ ರಸ್ತೆಗೆ ಉಪ್ಪು ಎರಚುತ್ತಿತ್ತು.
ನೋಡು, ನಿನ್ನವನು ಕೆಲಸಕ್ಕೆ ಬಂದ, ಅಂದ.'

ಯಾರೂ ಏನೂ ಅನ್ನಲಿಲ್ಲ. ನಾನು ಚಿಲ್ಲರೆ ಎಣಿಸಿದೆ, ತಪ್ಪಿತು,
ಮತ್ತೆ ಎಣಿಸಿದೆ.

ಹೊರಡುವಾಗ ಬಾಗಿಲ ಹತ್ತಿರ ಆರ್ವಿಲ್ ಬಗ್ಗಿದ,
ಬೂಟಿನ ಅಂಚಿನ ಬಿಳಿ ಗೆರೆ ಒರೆಸಲು ಕೈ ಚಾಚಿ
ಹಾಗೇ ಬಿಟ್ಟ.
'ಮೂವತ್ತೊಂದು ಚಳಿಗಾಲ' ಅಂದ,
'ಒಂದು ಸಲವೂ ಬಸ್ಸು ಜಾರಲಿಲ್ಲ ನನ್ನದು.'

ಥಿಯೋ ಮಾತ್ರ ಇನ್ನೂ ಬೆರಳು ಮಡಿಚುತ್ತಿದ್ದ.
'ಹಾಗಾದರೆ' ಅಂದ, 'ತುಕ್ಕು ಹಿಡಿದ ಸೇತುವೆಗಳದ್ದು
ಯಾರ ಖಾತೆಗೆ ಬರೆಯೋದು?'